ಮಗುವಿನ ನಕ್ಷೆಗೆ ಎರಡನೆಯ ಕಣ್ಣು

ಅಂಗಡಿಯ ತಕ್ಕಡಿಗೆ ಸರಕಾರದ ಮುದ್ರೆ ಬೇಕು. ಸಹಕಾರ ಸಂಘದ ಲೆಕ್ಕಕ್ಕೆ ಆಡಿಟರ್ ಬೇಕು. ಕ್ಯಾನ್ಸರ್ ಬಂದ ಮಗುವಿನ ತಲೆಗೆ ಕಿರಣ ಬಿಡುವ ಮುನ್ನ ಚಿಕಿತ್ಸೆಯ ನಕ್ಷೆಯನ್ನು ಎಷ್ಟು ಜನ ನೋಡಿದರು? ಹೀಗೆ ಕೇಳಲು ನಾವು ಸಂಕೋಚಪಡಬೇಕಾಗಿಲ್ಲ.

ಗಡ್ಡೆಯ ಸುತ್ತ ಗೆರೆ ಎಳೆಯುವುದು ಮನುಷ್ಯನ ಕೈ. ಗೆರೆ ಒಳಗೆ ಸರಿದರೆ ರೋಗ ಉಳಿಯುತ್ತದೆ. ಹೊರಗೆ ಸರಿದರೆ ಬೆಳೆಯುವ ಎಲುಬು, ಕಿವಿ, ಬುದ್ಧಿ ಊನಗೊಳ್ಳುತ್ತವೆ. ಮೆಡುಲೊಬ್ಲಾಸ್ಟೋಮಾ ಎಂಬ ಮಿದುಳಿನ ಗಡ್ಡೆಗೆ ಕೊಟ್ಟ ಚಿಕಿತ್ಸೆಯನ್ನು ಫ್ರಾನ್ಸಿನ ವೈದ್ಯರು ಒರೆಗೆ ಹಚ್ಚಿ, ದೊಡ್ಡ ಲೋಪಗಳು ಹೆಚ್ಚಿದಷ್ಟೂ ರೋಗ ಮರುಕಳಿಸುವುದು ಹೆಚ್ಚೆಂದು 1999ರಲ್ಲಿ ಪ್ರಕಟಿಸಿದರು. ತಮ್ಮ ಲೋಪವನ್ನು ತಾವೇ ಅಚ್ಚು ಹಾಕಿಸಿದ ಅವರಿಗೆ ನಮ್ಮ ನಮಸ್ಕಾರ.

ಮೂಡಿಗೆರೆಯ ಕೂಲಿಕಾರನು ಮಗುವನ್ನೆತ್ತಿಕೊಂಡು ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೋ, ಬೆಂಗಳೂರಿನ ಕಿದ್ವಾಯಿಗೋ ಹೋಗುತ್ತಾನೆ. ವಾರಗಟ್ಟಲೆ ಕೂಲಿ ಹೋಯಿತು. ನಕ್ಷೆಗೆ ಬಸ್ಸಿನ ಚೀಟಿ ಬೇಡ. ಅದು ಗಣಕಯಂತ್ರದಲ್ಲಿದೆ, ಊರಿಂದೂರಿಗೆ ಕ್ಷಣದಲ್ಲಿ ಹೋದೀತು. ಟಾಟಾ ಸ್ಮಾರಕ ಆಸ್ಪತ್ರೆಯ ಮುಂದಾಳುತನದಲ್ಲಿ 2012ರಲ್ಲಿ ಹುಟ್ಟಿದ ರಾಷ್ಟ್ರೀಯ ಕ್ಯಾನ್ಸರ್ ಜಾಲವು ದೇಶದ ಆಸ್ಪತ್ರೆಗಳನ್ನು ಈಗಾಗಲೇ ಜೋಡಿಸಿದೆ.

ಚಿಕಿತ್ಸೆ ಮುಗಿದ ಮೇಲೆ ತನಿಖೆ ನಡೆಸಿದರೆ ಆ ಮಗುವಿಗೇನು ಬಂತು? ಸರಕಾರಿಯಿರಲಿ, ಖಾಸಗಿಯಿರಲಿ, ಮೊದಲ ದಿನದ ಕಿರಣಕ್ಕೆ ಮುನ್ನವೇ ಪ್ರತಿ ಮಗುವಿನ ನಕ್ಷೆಯನ್ನು ಮತ್ತೊಬ್ಬ ತಜ್ಞರು ನೋಡಿ ಸಹಿ ಹಾಕಬೇಕು. ಅದರ ವೆಚ್ಚವನ್ನು ಸರಕಾರವೇ ಹೊರಬೇಕೆಂದು ನಾವು ಒತ್ತಾಯಿಸುತ್ತೇವೆ.