ಅಕ್ಕಡಿ ಸಾಲಿನ ಭರವಸೆ

ಕೋಲಾರ, ತುಮಕೂರು ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ಹಳಬರು ರಾಗಿಯೊಂದನ್ನೇ ಬಿತ್ತುತ್ತಿರಲಿಲ್ಲ. ಕೂರಿಗೆಯ ಹಿಂದೆ ಸಡ್ಡೆ ಕಟ್ಟಿ, ಇಷ್ಟು ಸಾಲು ರಾಗಿಗೆ ಒಂದು ಸಾಲು ಅಕ್ಕಡಿ ಎಂದು ಬಿಡುತ್ತಿದ್ದರು. ಅವರೆ, ತೊಗರಿ, ಹುಚ್ಚೆಳ್ಳು, ಜೋಳ, ಅಂಚಿಗೆ ಹರಳು. ರಾಗಿ ಕೊಯ್ಲಾದ ಮೇಲೂ ಬೇರನ್ನು ಆಳಕ್ಕಿಳಿಸಿದ ತೊಗರಿ ನಿಂತೇ ಇರುತ್ತಿತ್ತು. ಅವರೆ ಮಾಗಿಯ ಇಬ್ಬನಿಯಲ್ಲಿ ಕಾಯಿ ಕಟ್ಟುತ್ತಿತ್ತು. ಆರಿದ್ರೆ, ಪುನರ್ವಸು ಮಳೆ ಕೈಕೊಟ್ಟರೆ ಬೇಗ ಬರುವ ರಾಗಿ ಬಿತ್ತುವುದು, ಅದಕ್ಕೂ ಹದ ಸಿಗದಿದ್ದರೆ ಉತ್ತರೆ ಹೊತ್ತಿಗೆ ಹುರುಳಿ ಚೆಲ್ಲುವುದು. ಆಶಾವಾದ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಈ ಹೊಲವೇ ಕಣ್ಣಮುಂದೆ ಬರುತ್ತದೆ.

ಮಳೆ ಬಂದೇ ಬರುತ್ತದೆ ಎಂದು ಆ ರೈತ ನಂಬಿದ್ದರೆ ಅಕ್ಕಡಿ ಯಾಕೆ ಬೇಕಿತ್ತು? ಬರುವುದೇ ಇಲ್ಲ ಎಂದುಕೊಂಡಿದ್ದರೆ ಕೂರಿಗೆ ಹೂಡುವುದೇ ದಂಡ. ಈ ಎರಡೂ ಅವನ ಮಾತಲ್ಲ. ಕೇಳಿದರೆ ಅವನು ಹೇಳುವುದು "ಧೈರ್ಯ ಮಾಡಿ ಬಿತ್ತಿದ್ದೀವಿ" ಎಂದು. ಆಸೆಯಿಂದ ಬಿತ್ತಿದ್ದೀವಿ ಎನ್ನುವುದಿಲ್ಲ, ಇದನ್ನು ಗಮನಿಸಬೇಕು. ಆಸೆ ಎಂಬ ಪದದ ಮೇಲೆ ನಮ್ಮ ಜನಕ್ಕೆ ಮೊದಲಿನಿಂದಲೂ ಒಂದು ಗುಮಾನಿ ಇದೆ. ಆಸೆಬುರುಕ, ದುರಾಸೆ ಎಂಬ ಪದಗಳು ಅದರ ಬೆನ್ನಿಗೇ ಇವೆ. ಧೈರ್ಯಕ್ಕೆ ಆ ಕಳಂಕವಿಲ್ಲ. ಕೆಡುಕು ಆಗಬಹುದು ಎಂದು ಬಲ್ಲವನಿಗೆ ಮಾತ್ರ ಧೈರ್ಯದ ಅಗತ್ಯ ಬೀಳುತ್ತದೆ.

ಯುರೋಪಿನಲ್ಲಿ ಆಪ್ಟಿಮಿಸಂ ಎಂಬ ಪದ ಹುಟ್ಟಿದಾಗ ಅದಕ್ಕೆ ನಾಳೆಯ ಗೊಡವೆಯೇ ಇರಲಿಲ್ಲ. ದೇವರು ಸೃಷ್ಟಿಸಬಹುದಾಗಿದ್ದ ಲೋಕಗಳಲ್ಲೆಲ್ಲ ಇದೇ ಅತ್ಯುತ್ತಮ ಎಂದು ಲೈಬ್‌ನಿಟ್ಸ್ 1710ರಲ್ಲಿ ವಾದಿಸಿದ್ದ. ಅತ್ಯುತ್ತಮ ಎಂಬರ್ಥದ ಲ್ಯಾಟಿನ್ ಮಾತಿನಿಂದ ಆ ವಾದಕ್ಕೆ ಹೆಸರು ಬಂತು. 1755ರ ನವೆಂಬರ್ 1ರಂದು ಲಿಸ್ಬನ್ ನಗರದ ಚರ್ಚುಗಳಲ್ಲಿ ಹಬ್ಬದ ಜನ ತುಂಬಿದ್ದಾಗ ಭೂಮಿ ನಡುಗಿತು; ಹಿಂದೆಯೇ ಸಮುದ್ರ ಉಕ್ಕಿತು, ಬೆಂಕಿ ಎದ್ದಿತು. ಸಾವಿರಾರು ಮಂದಿ ಸತ್ತರು. ಈ ದುರಂತವನ್ನೂ ಒಳಗೊಂಡು ವೋಲ್ಟೇರ್ 1759ರಲ್ಲಿ ಪ್ರಕಟಿಸಿದ 'ಕಾಂಡೀಡ್' ಕಥೆ ಲೈಬ್‌ನಿಟ್ಸ್‌ನ ವಾದದ ಬುಡವನ್ನೇ ಅಲುಗಿಸಿತು. ಅವನು ಕೋಪಗೊಂಡದ್ದು ಸರಿ ಎಂದೇ ನನ್ನ ಭಾವನೆ. ಸತ್ತ ಮಗುವಿನ ತಾಯಿಗೆ ಎಲ್ಲವೂ ಒಳ್ಳೆಯದಕ್ಕೇ ಎನ್ನುವುದು ತತ್ತ್ವಜ್ಞಾನವಲ್ಲ, ಕ್ರೌರ್ಯ. ರೋಗಿಯ ಮಂಚದ ಪಕ್ಕ ನಿಂತು "ಏನೂ ಆಗಲ್ಲ ಬಿಡಿ" ಎನ್ನುವಾಗ ನಾವೂ ಅದನ್ನೇ ಸಣ್ಣದಾಗಿ ಮಾಡುತ್ತಿರುತ್ತೇವೆ. ಆ ಮಾತಿನ ನಂತರ ರೋಗಿ ತನ್ನ ಹೆದರಿಕೆಯನ್ನು ಯಾರ ಹತ್ತಿರವೂ ಹೇಳಿಕೊಳ್ಳಲಾರ. 'ಕಾಂಡೀಡ್' ಕಥೆಯ ಕೊನೆಗೆ ಪಾತ್ರಗಳು ವಾದ ಬಿಟ್ಟು ತೋಟದ ಕೆಲಸಕ್ಕೆ ಕೈಹಾಕುತ್ತವೆ ಎಂಬುದು ನನಗೆ ಬಹಳ ಇಷ್ಟ.

ತೋಟದ ಕೆಲಸ ಎಂದಾಗ ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿಯ ಹೊಸ ತಳಿಗಳನ್ನು ರೂಪಿಸಿದ ಲಕ್ಷ್ಮಣಯ್ಯನವರ ನೆನಪಾಗುತ್ತದೆ. ರೈತರು ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ರಾಗಿಯ ಹೂವು ತೀರಾ ಚಿಕ್ಕದು. ಬೆಳಕು ಹರಿಯುವ ಮೊದಲೇ ಅರಳಿ ತನ್ನ ಪರಾಗದಿಂದಲೇ ಕಾಳು ಕಟ್ಟಿಕೊಳ್ಳುತ್ತದೆ. ಬೇರೆ ತಳಿಯ ತೆನೆಯೊಡನೆ ಕೂಡಿಸಿ ಇಟ್ಟರೂ ಬಹುಪಾಲು ಕಾಳು ತಾಯಿಯ ತಳಿಯದ್ದೇ. ನಡುವೆ ಎಲ್ಲೋ ಒಂದೆರಡು ನಿಜವಾದ ಸಂಕರ ಇದ್ದರೆ, ಅದು ಗೊತ್ತಾಗುವುದು ಬಿತ್ತಿ ಪೈರು ಎದ್ದ ಮೇಲೆ. ಆ ಮೇಲೆ ತಳಿ ಸ್ಥಿರವಾಗಲು ಇನ್ನೂ ಹಲವು ತಲೆಮಾರು ಬೇಕು. ಇಂಥ ಕೆಲಸದಿಂದ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ತಳಿಗಳು ಬಂದವು. ಭಾರತದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿದ ಇಂಡಾಫ್ ತಳಿಗಳು ಬಂದವು. ಹೆಚ್ಚಿನ ಸಲ ವ್ಯರ್ಥವಾಗುತ್ತದೆ ಎಂದು ತಿಳಿದೇ ಮರುದಿನ ನಸುಕಿಗೆ ತಾಕಿಗೆ ಇಳಿಯುವವರನ್ನು ಕನಸುಗಾರರು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಅವರ ಲೆಕ್ಕ ನಮ್ಮದಕ್ಕಿಂತ ಕರಾರುವಾಕ್ಕಾಗಿತ್ತು.

ಹಾಗಾದರೆ ಅದೇ ಕೋಲಾರದಲ್ಲಿ ಸಾವಿರ ಅಡಿ ದಾಟಿ ಮೂರನೆಯ, ನಾಲ್ಕನೆಯ ಬೋರ್‌ವೆಲ್ ಕೊರೆಸುವವನೂ ಆಶಾವಾದಿಯೇ ಅಲ್ಲವೇ? ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಅವನಿಗೂ ಧೈರ್ಯವಿದೆ, ಬಹುಶಃ ಹೆಚ್ಚೇ ಇದೆ. ಇಲ್ಲದಿರುವುದು ಅಕ್ಕಡಿ ಸಾಲು. ಸಾಲ ತೀರಿಸಲು ಟೊಮೆಟೊ ಹಾಕಬೇಕು, ಟೊಮೆಟೊಗೆ ನೀರು ಬೇಕು, ನೀರಿಗೆ ಮತ್ತೆ ಸಾಲ. ಎಲ್ಲವನ್ನೂ ಒಂದೇ ಕಡೆ ಪಣಕ್ಕಿಡುವಂತೆ ಅವನನ್ನು ಮಾಡಿದ್ದು ಮಾರುಕಟ್ಟೆ, ಬತ್ತಿದ ಕೆರೆ, ಬಡ್ಡಿ. ಅಂಥವನಿಗೆ ಆಶಾವಾದಿಯಾಗಿರು ಎಂದು ಉಪದೇಶಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಸೋತರೂ ನಿಲ್ಲಲು ನೆಲವಿರುವವನ ಆಶಾವಾದವೇ ಬೇರೆ, ಇಲ್ಲದವನದ್ದೇ ಬೇರೆ. ಆ ನೆಲ ಒಬ್ಬನೇ ಕಟ್ಟಿಕೊಳ್ಳುವಂಥದ್ದಲ್ಲ.

ಹಿಂದಿನವರಿಗೆ ಇದು ಗೊತ್ತಿತ್ತು. ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ, ಎಂದರೆ 1876ರಿಂದ 78ರವರೆಗೆ, ಮೈಸೂರು ಸೀಮೆಯಲ್ಲಿ ಲಕ್ಷಾಂತರ ಜನ ಸತ್ತರು. ಅಂಥ ಬರ ಬರಬಹುದೆಂದು ಬಲ್ಲವರು ಮಳೆ ಚೆನ್ನಾದ ವರ್ಷ ಊರಿನಲ್ಲಿ ನೆಲ ತೋಡಿ ಮಾಡಿದ ಹಗೇವಿಗೆ ರಾಗಿ ತುಂಬಿ, ಬಾಯಿಗೆ ಚಪ್ಪಡಿ ಹಾಕಿ ಮಣ್ಣು ಮೆತ್ತುತ್ತಿದ್ದರು. ಹುಳ ಹತ್ತದ ಕಾಳು ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ತೆಗೆಯುವಾಗ, ಒಳಗೆ ಉಸಿರಾಡಲು ಗಾಳಿ ಇದೆಯೇ ಎಂದು ತಿಳಿಯಲು ಮೊದಲು ದೀಪ ಇಳಿಬಿಟ್ಟು, ಆರದೆ ಉರಿಯಿತೆಂದರೆ ಮಾತ್ರ ಆಳನ್ನು ಒಳಗಿಳಿಸುತ್ತಿದ್ದರು.