ಉಸಿರು ತರುವ ಹೋಸ್: ರಬ್ಬರೋ, ಬ್ರೇಡೆಡ್ಡೋ?

ಮುರ್ಡೇಶ್ವರದಿಂದ ನೇತ್ರಾಣಿಗೆ ಸ್ಕೂಬಾ ಡೈವಿಂಗ್‌ಗೆ ಹೋಗಿಬಂದವರು ಈಗ ನಮ್ಮ ಆಫೀಸಿನಲ್ಲೇ ಎಷ್ಟೋ ಜನ. ಹುಚ್ಚು ಹತ್ತಿದ ಮೇಲೆ ಸ್ವಂತ ರೆಗ್ಯುಲೇಟರ್ ಬೇಕು ಅನ್ನಿಸುತ್ತೆ. ಆಗ ಬರೋ ಪ್ರಶ್ನೆ: ಸಿಲಿಂಡರಿನ ಗಾಳಿಯನ್ನು ಬಾಯಿಗೆ ತರುವ ಹೋಸ್ ರಬ್ಬರಿನದ್ದೋ, ನೂಲು ಹೆಣೆದ ಬ್ರೇಡೆಡ್ಡೋ?

ಬ್ರೇಡೆಡ್ ಹಗುರ, ಸಲೀಸಾಗಿ ಬಾಗುತ್ತೆ, ಬಣ್ಣಬಣ್ಣದಲ್ಲಿ ಸಿಗುತ್ತೆ. ರಬ್ಬರ್ ಭಾರ, ಸ್ವಲ್ಪ ಗಡಸು. ಇಷ್ಟೇ ನೋಡಿದರೆ ತೀರ್ಮಾನ ಸುಲಭ.

ಆದರೆ ನಾನು ನೋಡೋದು ಬೇರೆ: ಹಾಳಾಗುವ ಮೊದಲು ಯಾವುದು ಸುಳಿವು ಕೊಡುತ್ತೆ? ರಬ್ಬರ್ ಹಳೆಯದಾದಂತೆ ಸಾಮಾನ್ಯವಾಗಿ ಹೊರಗೇ ಬಿರಿಯುತ್ತೆ. ಲೋಹದ ತುದಿಯ ಹತ್ತಿರ ಬಗ್ಗಿಸಿದರೆ ಬಿರುಕು ಕಾಣುತ್ತೆ. ಬ್ರೇಡೆಡ್‌ನಲ್ಲಿ ಗಾಳಿ ಹರಿಯೋದು ಒಳಗಿನ ಪಾಲಿಯುರೆಥೇನ್ ಕೊಳವೆಯಲ್ಲಿ. ಕೆಲವು ಹೋಸ್‌ಗಳಲ್ಲಿ ಶಾಖ, ತೇವಕ್ಕೆ ಆ ಪದರ ಹರಳುಗಟ್ಟಿ ಗಾಳಿಗೇ ಅಡ್ಡ ಬಂದ ಪ್ರಕರಣಗಳಿವೆ. ಹೊರಗಿನ ಹೆಣಿಗೆ ಮಾತ್ರ ಹೊಸದರಂತೇ ಇರುತ್ತೆ! ನಮ್ಮ ಭಾಷೆಯಲ್ಲಿ, ಎರರ್ ಮೆಸೇಜ್ ಇಲ್ಲದ ಬಗ್. 20 ಮೀಟರ್ ಆಳದಲ್ಲಿ ಅದನ್ನು ಹುಡುಕುತ್ತಾ ಕೂರೋಕಾಗಲ್ಲ.

ಹಾಗಾಗಿ ವರ್ಷಕ್ಕೆ ನಾಲ್ಕೈದು ಡೈವ್ ಮಾಡಿ, ಉಳಿದ ದಿನ ಕಿಟ್ಟನ್ನು ಸೆಕೆಯಲ್ಲಿ ಇಡುವವರಿಗೆ ನನ್ನ ಓಟು ರಬ್ಬರಿಗೆ. ಬ್ರೇಡೆಡ್ಡೇ ಬೇಕಾದರೆ ತಯಾರಿಕೆಯ ತಾರೀಖು ನೋಡಿ, ಕಂಪನಿ ಹೇಳಿದ ಅವಧಿಗೆ ಬದಲಿಸಿ; ಸೆಕೆಂಡ್‌ಹ್ಯಾಂಡ್ ಬೇಡವೇ ಬೇಡ. ಯಾವುದೇ ಆಗಲಿ, ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ತುದಿಯ ಪ್ರೊಟೆಕ್ಟರನ್ನು ಸರಿಸಿ ನೋಡೋದು ಮರೀಬೇಡಿ, ಬಿರುಕು ಅಡಗೋದು ಅಲ್ಲೇ. ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಿ. ನೀರೊಳಗೆ ಹೋಸ್ ಬದಲಿಸೋ ಅಂಗಡಿ ಇರಲ್ಲ ನೋಡಿ.