ಲೆಕ್ಕ ಕೇಳುವುದು ಅವಿಶ್ವಾಸವೆ?

“ನಾವು ಒಡಹುಟ್ಟಿದವರಂತೆ ಇರುವವರು, ನಮ್ಮ ನಮ್ಮೊಳಗೆ ಲೆಕ್ಕವೇಕೆ?” ಕೂಡುವ್ಯಾಪಾರ ಮಾಡುವ ಸದ್ಭಕ್ತರ ಬಾಯಿಂದ ಈ ಮಾತನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಮೇಲುನೋಟಕ್ಕೆ ಇದು ಔದಾರ್ಯದಂತೆ ತೋರುತ್ತದೆ. ಇದನ್ನು ನಾವು ಸೋಮಾರಿತನವೆಂದೂ, ಹಲವೊಮ್ಮೆ ಹೇಡಿತನವೆಂದೂ ಕರೆಯಲು ಹಿಂಜರಿಯುವುದಿಲ್ಲ.

ಈಚೆಗೆ ಅಡತಿ ಅಂಗಡಿಯ ಪಾಲುದಾರರೊಬ್ಬರು ಬಂದು ಕಣ್ಣೀರಿಟ್ಟರು. ಜೊತೆಗಾರನು ಅಂಗಡಿಯ ಲಾರಿಯಲ್ಲಿ ಪರರ ಹತ್ತಿ ಸಾಗಿಸುತ್ತಾನಂತೆ. ಡೀಸೆಲ್ ಖರ್ಚು ಅಂಗಡಿಯ ಕಿರ್ದಿಗೆ, ಬಾಡಿಗೆ ಅವನ ಕಿಸೆಗೆ. ಗೋದಾಮಿನ ಅರ್ಧ ಭಾಗದಲ್ಲಿ ಅವನ ಸ್ವಂತ ಸರಕು. ಎಷ್ಟು ಕಾಲದಿಂದ ಎಂದು ಕೇಳಿದೆವು.

“ಮೂರು ವರ್ಷ ಆತ್ರೀ, ಅಜ್ಜಾರ.”

“ಒಮ್ಮೆಯಾದರೂ ಕೇಳಿದಿರಾ?”

“ಹೆಂಗ ಕೇಳೂದ್ರಿ, ಬೀಗರು!”

ಮೊದಲ ತಿಂಗಳಲ್ಲಿಯೇ ಕೇಳಿದ್ದರೆ ನಾಲ್ಕು ಬಾಡಿಗೆಯ ಲೆಕ್ಕದಲ್ಲಿ ಮುಗಿಯುತ್ತಿದ್ದ ಮಾತು ಇಂದು ಎರಡು ಮನೆತನಗಳನ್ನು ಒಡೆಯುವಷ್ಟು ಬೆಳೆದಿದೆ. ಜೊತೆಗಾರನ ತಪ್ಪು ದೊಡ್ಡದು, ನಿಜ. ಆದರೆ ಅದಕ್ಕೆ ಮೂರು ವರ್ಷ ನೀರೆರೆದವರಾರು?

1932ರ ಭಾರತೀಯ ಪಾಲುದಾರಿಕೆ ಅಧಿನಿಯಮವನ್ನು ನಮ್ಮ ವರ್ತಕರು ಒಮ್ಮೆಯಾದರೂ ಓದಬೇಕು. ಪಾಲುದಾರರು ಪರಸ್ಪರ ನ್ಯಾಯದಿಂದಲೂ ನಿಷ್ಠೆಯಿಂದಲೂ ನಡೆದು ನಿಜವಾದ ಲೆಕ್ಕ ಒಪ್ಪಿಸತಕ್ಕದ್ದೆಂದು 9ನೆಯ ಕಲಮು ವಿಧಿಸುತ್ತದೆ. ಬೇರೆ ಕರಾರಿಲ್ಲದಿದ್ದರೆ ಕಿರ್ದಿ ಖಾತೆಗಳನ್ನು ನೋಡುವ, ನಕಲು ಮಾಡಿಕೊಳ್ಳುವ ಹಕ್ಕು ಪ್ರತಿಯೊಬ್ಬ ಪಾಲುದಾರನಿಗೂ ಉಂಟು. ಕೂಡು ಸ್ವತ್ತಿನಿಂದ ಒಬ್ಬನು ಗಳಿಸಿದ ಲಾಭವನ್ನು ಅಂಗಡಿಗೇ ತುಂಬಬೇಕೆಂದು 16ನೆಯ ಕಲಮು ಹೇಳುತ್ತದೆ. ಲಾರಿಯ ಬಾಡಿಗೆ ಅಂಥದೇ ಲಾಭ. ಇನ್ನು 25ನೆಯ ಕಲಮಂತೂ ಮೌನಿಗಳ ನಿದ್ದೆಗೆಡಿಸಬೇಕು: ಅಂಗಡಿಯ ಹೆಸರಿನಲ್ಲಿ ತಂದ ಡೀಸೆಲ್ಲಿನ ಉದ್ದರಿಗೆ ಸುಮ್ಮನೆ ಕುಳಿತವನೂ ಹೊಣೆ.

“ಹೊಂದಿಕೊಂಡು ಹೋಗಿರಿ” ಎಂದು ಇಬ್ಬರ ಕೈ ಕೂಡಿಸಿ ಕಳಿಸುವ ಹಿರಿಯರನ್ನೂ ನಾವು ಒಪ್ಪೆವು. (ನಾವೂ ಹಾಗೆ ಮಾಡಿದ್ದುಂಟು, ಆ ಕೈಗಳು ಆರು ತಿಂಗಳು ಕೂಡಿ ನಿಲ್ಲಲಿಲ್ಲ.) ಲಾರಿ ಎಂದು ಎಲ್ಲಿಗೆ ಹೋಯಿತು, ಗೋದಾಮಿನಲ್ಲಿ ಯಾರ ಸರಕು ಎಷ್ಟಿದೆ ಎಂಬುದನ್ನು ತಾರೀಖಿನೊಡನೆ ಬರೆದು, ಜೊತೆಗಾರನ ಮುಂದಿಟ್ಟು, ಉತ್ತರವನ್ನು ಬರಹದಲ್ಲಿಯೇ ಕೇಳಬೇಕು. ಬ್ಯಾಂಕಿನಲ್ಲಿ ಇಬ್ಬರ ಸಹಿ ಕಡ್ಡಾಯವಾಗಲಿ. ಅದಕ್ಕೂ ಬಗ್ಗದವನೊಡನೆ ವ್ಯವಹಾರ ಮುಗಿಸಬೇಕು. ಅವಧಿ ಗೊತ್ತುಮಾಡದೆ, ಮುಗಿಸುವ ಬಗೆಯನ್ನೂ ಹೇಳದೆ ಕೂಡಿದ ಪಾಲುದಾರಿಕೆಯಾದರೆ ಬರಹದ ನೋಟೀಸು ಸಾಕು, ಇಲ್ಲವಾದರೆ ನ್ಯಾಯಾಲಯವುಂಟು.

ಪೊಲೀಸರೆಡೆಗೆ ಓಡುವವರು ಒಂದು ಮಾತು ತಿಳಿದಿರಲಿ. ಕೂಡು ಸ್ವತ್ತಿನಲ್ಲಿ ಪಾಲುದಾರನಿಗೂ ಹಕ್ಕಿರುವುದರಿಂದ, ವಿಶೇಷವಾಗಿ ವಹಿಸಿಕೊಟ್ಟಿದ್ದರ ಹೊರತು ಅವನ ಮೇಲೆ ನಂಬಿಕೆದ್ರೋಹದ ಅಪರಾಧ ಸಾಮಾನ್ಯವಾಗಿ ನಿಲ್ಲದೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಅಂಗಡಿ ನೋಂದಣಿಯಾಗದಿದ್ದರೆ ಕರಾರಿನ ಹಕ್ಕಿಗಾಗಿ ಪಾಲುದಾರನ ಮೇಲೆ ದಾವೆ ಹೂಡುವುದಕ್ಕೂ 69ನೆಯ ಕಲಮು ಅಡ್ಡ ಬರುತ್ತದೆ. ವಿಸರ್ಜನೆಗೂ ಅದರ ಲೆಕ್ಕಕ್ಕೂ ಮಾತ್ರ ಬಾಗಿಲು ತೆರೆದಿದೆ. ಕೂಡುವ ದಿನ ಪತ್ರಕ್ಕೂ ನೋಂದಣಿಗೂ ಬೇಸರಪಟ್ಟವರು ಒಡೆಯುವ ದಿನ ಬರಿಗೈಯಲ್ಲಿ ನಿಲ್ಲುತ್ತಾರೆ.

ನಮ್ಮಲ್ಲಿಗೆ ಬಂದವರಿಗೆ ಪಾಲುದಾರಿಕೆ ಪತ್ರವನ್ನು ತರಹೇಳಿದೆವು. ಮರುವಾರ ತಂದರು. ಸಹಿ ಹಾಕಿದ ದಿನದಿಂದ ಅದನ್ನು ಬಿಚ್ಚಿ ನೋಡಿದವರಿಲ್ಲ. ದೀಪ ಹಚ್ಚಿ, ಮೊದಲ ಸಾಲಿನಿಂದ ಓದಿಸಿದೆವು.